ನಾಯಿಮರಿಗೆ ಕೂರಲು ಕಲಿಸಿದ್ದು

ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಾಗೆಲ್ಲ ಎನ್.ಆರ್. ಕಾಲೋನಿಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಹದಿಮೂರರ ಮಗ್ಗಿ ತಪ್ಪಿದ್ದಕ್ಕೆ ಅಪ್ಪ ಆಗಷ್ಟೇ ನನ್ನ ಅಂಗೈಗೆ ಸ್ಕೇಲಿನಿಂದ ಎರಡೇಟು ಕೊಟ್ಟಿದ್ದರು. ಆಮೇಲೆ ಹಜಾರದ ತಣ್ಣನೆಯ ಕೆಂಪು ನೆಲದ ಮೇಲೆ ಕೂತು, ಬಿಸ್ಕತ್ತಿನ ಚೂರು ಹಿಡಿದು, ಹೊಸದಾಗಿ ತಂದ ನಾಯಿಮರಿಗೆ ಕೂರುವುದನ್ನು ಕಲಿಸತೊಡಗಿದರು. ಮರಿ ಎಷ್ಟು ಸಲ ತಪ್ಪಿದರೂ ನಕ್ಕು ಅದರ ಕಿವಿ ಸವರುತ್ತಿದ್ದರು.

“ಎರಡು ಬಿಗಿಯೋ, ತಾನೇ ಕೂತ್ಕೊಳತ್ತೆ,” ಎಂದರು ಅಜ್ಜಿ.

“ಪಾಪ, ಹೊಡೆದ್ರೆ ಹೆದರ್ಕೊಳತ್ತೆ ಅಷ್ಟೇ ಅಮ್ಮಾ, ಕಲಿಯಲ್ಲ.”

ಬಾಗಿಲಲ್ಲಿ ನಿಂತಿದ್ದ ನನಗೆ ಹೊಟ್ಟೆ ಉರಿಯಿತು. ಅಪ್ಪನ ದನಿ ಅಷ್ಟು ಮೆತ್ತಗಿರಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೂ ಮರಿ ಕೂತಿತು. “ನನ್ನ ಜಾಣ ಮರಿ!” ಎಂದು ಅಪ್ಪ ಅದನ್ನು ಮುದ್ದಾಡಿದರು.

ಯಾರೂ ಹೇಳದೆ ನಾನೂ ಹೋಗಿ ಅದರ ಪಕ್ಕದಲ್ಲಿ ಕೂತೆ. ಅಪ್ಪ ಮರಿಯನ್ನೇ ನೋಡುತ್ತಿದ್ದರು.