ಆಳುವ ರಾಣಿ

ರಾಜ ತೀರಿಕೊಂಡ ಮೇಲೆ ಮುದ್ರೆಯುಂಗುರ ಕಿರಿಯ ರಾಣಿ ಗೌರಾಂಬೆಯ ಬೆರಳಿಗೆ ಬಂತು. ಓಲೆ ಓದಿ ಉತ್ತರ ಬರೆಸಬಲ್ಲವಳು ಅವಳೊಬ್ಬಳೇ ಎಂದು ಮಂತ್ರಿಗಳು ಹಾಗೆ ಮಾಡಿದ್ದರು. ಅಂದಿನಿಂದ ಪಟ್ಟದ ರಾಣಿ ತಿಮ್ಮಾಜಮ್ಮನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ದಂಡನಾಯಕರು ತನ್ನ ಬಾಗಿಲು ದಾಟಿಕೊಂಡು ಸವತಿಯ ಬಾಗಿಲಿಗೆ ಹೋಗುವುದನ್ನು ಕಂಡಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು.

ಯುದ್ಧದಲ್ಲಿ ತಮ್ಮನ್ನು ಸೋಲಿಸಿದ ನೆರೆರಾಜ್ಯದ ರಾಯಭಾರಿ ಬಂದು ‘ಆಳುವ ರಾಣಿ’ಯನ್ನು ಕೇಳುತ್ತಿದ್ದಾನೆ ಎಂದು ಒಂದು ಬೆಳಿಗ್ಗೆ ದಾಸಿ ಹೇಳಿದಳು. ತಿಮ್ಮಾಜಮ್ಮ ಇದ್ದಬದ್ದ ಒಡವೆಯನ್ನೆಲ್ಲ ಹೇರಿಕೊಂಡು ನೇರ ಸಭೆಗೆ ನಡೆದಳು.

“ಉಂಗುರ ಬಿಚ್ಚೇ!”

ಗೌರಾಂಬೆಯ ಮುಖ ಬಿಳಿಚಿಕೊಂಡಿತು. “ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೊಂದು ದಿನ ನನ್ನ ಹತ್ರ ಇರಲಿ. ನಾಳೆಯಿಂದ ನಿಮ್ಮದೇ.”

“ಇವತ್ತಿನ ಮರ್ಯಾದೆಯೂ ನಿನಗೇ ಬೇಕಾ? ಪಟ್ಟ ಕಟ್ಟಿದ್ದು ನನಗೆ ಕಣೇ!”

ಗೌರಾಂಬೆ ಇನ್ನೇನೋ ಹೇಳಹೊರಟಳು. ಅಷ್ಟರಲ್ಲಿ ತಿಮ್ಮಾಜಮ್ಮ ಅವಳ ಕೈ ಹಿಡಿದು ಉಂಗುರ ಎಳೆದು, ತನ್ನ ಬೆರಳಿಗೆ ಹಾಕಿಕೊಂಡು ಸಿಂಹಾಸನದ ಮೇಲೆ ಕುಳಿತೇಬಿಟ್ಟಳು. ಸವತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅವಳ ಎದೆ ಎಷ್ಟೋ ತಿಂಗಳ ಮೇಲೆ ತಣ್ಣಗಾಯಿತು.

ರಾಯಭಾರಿ ಎದ್ದು ತಲೆಬಾಗಿದ. “ಆಳುವ ರಾಣಿ ತಾವೇನಾ, ತಾಯಿ?”

“ನಾನೇ. ಯಾಕೆ, ಅನುಮಾನವಾ?”

“ಇಲ್ಲ ತಾಯಿ. ಒಪ್ಪಂದದ ಪ್ರಕಾರ ನಮ್ಮ ದೊರೆಯ ಸೆರೆಗೆ ಬರಬೇಕಾದವರು ತಾವೇ. ಪಲ್ಲಕ್ಕಿ ಹೊರಗೆ ಕಾದಿದೆ.”