ನಾಲ್ಕು ರೋಟರಿನ ದನಿ

ಮಗಳು ಬಟನ್ ಒತ್ತಿದಳು. ಇಂಜಿನ್ ಒಮ್ಮೆ ಕೆಮ್ಮಿ, ಮುನಿಸಿಕೊಂಡು ಸುಮ್ಮನಾಗಿ, ಎರಡನೆಯ ಸಲಕ್ಕೆ ಹತ್ತಿಕೊಂಡಿತು. ಶೆಡ್ಡಿನ ತೊಲೆಯ ಮೇಲಿದ್ದ ಪಾರಿವಾಳಗಳು ಎದ್ದುಬಿದ್ದು ಹಾರಿದವು. ಆ ಇಂಜಿನ್ ಕಟ್ಟಿದವನು ಮೀಟರಿನ ಮುಳ್ಳು ಏರುವುದನ್ನು ನೋಡಿದ, ಆಮೇಲೆ ಹೆಂಡತಿಯ ಕಡೆ ತಿರುಗಿ, "ದನಿ ಹೇಗಿದೆ?" ಎಂದು ಕೇಳಿದ.

ಬೀದಿಯವರ ಬಾಯಲ್ಲಿ ಅವನು ರೋಟರಪ್ಪ. ಆಯುಷ್ಯವಿಡೀ ಇಂಜಿನ್‌ಗಳ ಪಕ್ಕ ನಿಂತು ನಿಂತು ಕಿವಿ ಪೂರ್ತಿ ಹೋಗಿತ್ತು, ಡಾಕ್ಟರು ಕೊಟ್ಟ ಮೆಷಿನ್ನೂ ಕೈಕೊಟ್ಟಿತ್ತು. ಊಟ, ಮಾತ್ರೆ, ಬಾಗಿಲು ಹಾಕು ಎಂಬಷ್ಟನ್ನು ಹೆಂಡತಿಯ ತುಟಿ ನೋಡಿ ತಿಳಿಯುತ್ತಿದ್ದ. ಅವಳು ಬೈದರೆ ಹೊಗಳಿದಳೆಂಬಂತೆ ನಗುತ್ತಿದ್ದ. ಜಗಳಕ್ಕೂ ಜೊತೆಯಿಲ್ಲದ ಸಂಸಾರವಾಗಿಹೋಯಿತಲ್ಲ ಎಂದು ಅವಳಿಗೆ ಸಂಕಟ.

ಎರಡು ರೋಟರಿನ ಇಂಜಿನ್ ಕಟ್ಟುವವರು ಬೇಕಾದಷ್ಟು ಜನ. ಪಿಸ್ಟನ್ನಿನ ಬದಲು ಒಳಗೆ ಸುತ್ತುವ ಆ ಮೂರು ಮೂಲೆಯ ರೋಟರುಗಳಲ್ಲಿ ನಾಲ್ಕನ್ನು ಒಂದೇ ಸಾಲಿನಲ್ಲಿ ಕೂರಿಸಹೊರಟರೆ ಮಾತ್ರ ಅವುಗಳ ನಡುವೆ ಹಾಯುವ ಶಾಫ್ಟ್ ಹಟ ಹಿಡಿಯುತ್ತದೆ. ಪ್ರತಿ ರೋಟರಿಗೂ ಶಾಫ್ಟಿನ ಮೇಲೊಂದು ಉಬ್ಬು ಬೇಕು. ಶಾಫ್ಟನ್ನು ನಡುವೆ ಹೊರುವ ಬೇರಿಂಗಿನ ಬಳೆ ಉಬ್ಬನ್ನು ದಾಟಿ ಒಳಗೆ ಹೋಗುವುದಿಲ್ಲ. ಹಾಗಾಗಿ ಶಾಫ್ಟನ್ನು ತುಂಡು ಮಾಡಿ, ಮತ್ತೆ ಒಂದೇ ಎಂಬಂತೆ ಬೆಸೆಯಬೇಕು. ಅವನ ಮೊದಲ ಜೋಡಣೆ ಜಾರಿತು, ಇನ್ನೊಂದು ಮುರಿಯಿತು. ಕೊನೆಗೆ ಬಾಟಲಿಗೆ ಬಿರಡೆ ಕೂರುವ ಹಾಗೆ ಒಂದರೊಳಗೊಂದು ಬಿಗಿಯುವ ತುದಿಗಳನ್ನು ಮಾಡಿ, ಎಲ್ಲಿ ತಾಗುತ್ತದೆಂದು ನೋಡಲು ನೀಲಿ ಬಣ್ಣ ಬಳಿದು, ಅಡುಗೆಮನೆಯ ಮೇಜಿನ ಮೇಲೇ ಉಜ್ಜುತ್ತಾ ಕೂತ. ಅವಳ ಒರೆಸುವ ಬಟ್ಟೆಗಳೆಲ್ಲ ನೀಲಿಯಾದವು. ನನ್ನ ಸವತಿಗೆ ನಾಲ್ಕು ಹೊಟ್ಟೆ ಎಂದು ಅವಳು ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದಳು. "ಎರಡರದು ಗೊಣಗುತ್ತೆ ಕಣೇ, ನಾಲ್ಕರದು ಹಾಡುತ್ತೆ. ಒಂದ್ಸಲ ಕಿವಿ ತುಂಬ ಕೇಳ್ಬೇಕು," ಎನ್ನುತ್ತಿದ್ದ ಅವನು. ಇಂಜಿನ್ ಮುಗಿಯುವ ಹೊತ್ತಿಗೆ ಕಿವಿ ಮುಗಿದಿತ್ತು.

ಈಗ ಅವನು ಇಂಜಿನ್ನಿನ ಬೆನ್ನ ಮೇಲೆ ಅಂಗೈ ಇಟ್ಟ. ಹುಬ್ಬು ಗಂಟಿಕ್ಕಿತು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಅದಕ್ಕೆ ತಾಗಿಸಿ, ಮೂಳೆಯ ಮೂಲಕವಾದರೂ ದನಿ ಬಂದೀತೆಂದು ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದ. ಮಗಳು ಇನ್ನಷ್ಟು ವೇಗ ಕೊಟ್ಟಳು. ಅವನು ಸ್ಕ್ರೂಡ್ರೈವರ್ ತೆಗೆದು, "ಫ್ರಿಜ್ ಮುಟ್ಟಿದ ಹಾಗಿದೆ, ನಡುಕವೇ ಸಿಗ್ತಿಲ್ಲ," ಎಂದ. ಒಂದರ ನಡುಕವನ್ನು ಇನ್ನೊಂದು ನುಂಗುವಂತೆ ನಾಲ್ಕನ್ನೂ ಹೊಂದಿಸಿದವನು ಅವನೇ. ಆ ನಡುಕವನ್ನು ಕೊಲ್ಲಲೆಂದೇ ವರ್ಷಗಟ್ಟಲೆ ಒದ್ದಾಡಿದ್ದ, ಗೆದ್ದೂ ಇದ್ದ.

ಮಗಳು ಫೋನಿನಲ್ಲಿ ದನಿಯ ಅಲೆಗಳ ಚಿತ್ರ ತೋರಿಸಲು ಬಂದಳು. ಅವನು ಬೇಡವೆಂದು ಕೈ ಸರಿಸಿ ಮತ್ತೆ ಹೆಂಡತಿಯನ್ನೇ ನೋಡಿದ. ಯಾರ ಹತ್ತಿರವೂ ಏನನ್ನೂ ಬೇಡದ ಗಂಡಸು ಹಾಗೆ ನೋಡಿದ್ದನ್ನು ಕಂಡು ಅವಳು ಅವನೆದುರಿಗೆ ಬಂದು ನಿಂತಳು. ಚೆನ್ನಾಗಿದೆ ಎಂದು ತುಟಿ ಬಿಡಿಸಿ ಹೇಳಿದಳು.

"ಚೆನ್ನಾಗಿದೆ ಅಂದ್ರೆ ಹೇಗೆ?"

ಇಷ್ಟು ದಿನ ಶಪಿಸಿದ್ದನ್ನು ಬಿಟ್ಟರೆ ಅವಳು ಯಾವ ಇಂಜಿನ್ನನ್ನೂ ಕಿವಿಗೊಟ್ಟು ಕೇಳಿದವಳಲ್ಲ. ಈಗ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನಿಲ್ಲಿಸು ಎಂದು ಮಗಳಿಗೆ ಸನ್ನೆ ಮಾಡಿ, ಗಂಡನ ಎಣ್ಣೆಗೈಯನ್ನು ಎಳೆದು ತನ್ನ ಗಂಟಲ ಮೇಲೆ ಒತ್ತಿಕೊಂಡು, ಇಂಜಿನ್ನಿನ ಆ ದನಿಯನ್ನೇ ತಾನೂ ತೆಗೆಯತೊಡಗಿದಳು. ಮೊದಲು ಕೆಳಗಿನಿಂದ, ಆಮೇಲೆ ಏರಿಸುತ್ತಾ, ಎಲ್ಲೂ ಕಡಿಯದೆ. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು. ಮಗಳು ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಉಸಿರು ಸಾಲದೆ ತಾಯಿ ನಿಲ್ಲಿಸಿದಳು.

ಅವನು ಕೈ ತೆಗೆಯಲಿಲ್ಲ.

"ಇಂಜಿನ್ ಸಾಕು," ಎಂದ. "ನಿಂದೇ ಏನಾದ್ರೂ ಮಾತಾಡು."

ಇಷ್ಟು ವರ್ಷ ಒಂದು ಗಳಿಗೆ ಬಾಯಿ ಮುಚ್ಚದವಳಿಗೆ ಆಗ ಒಂದೇ ಒಂದು ಮಾತೂ ಹೊಳೆಯಲಿಲ್ಲ. ಅವಳು ಉಗುಳು ನುಂಗಿದ್ದಷ್ಟೇ ಅವನ ಅಂಗೈಗೆ ತಿಳಿಯಿತು.