ಕಾಲು ತಾಗಿದ ಹಲಗೆ

"ಎಲ್ರೂ ಒಂದೇ ಥರ ಮೂಟೆ ಕಟ್ಟಿಟ್ಟಂಗವ್ರೆ. ಇದ್ರಲ್ಲಿ ನಿನ್ ಉಮಾಶ್ರೀ ಯಾರಮ್ಮ?" ಎಂದು ಮನೆ ಒಡತಿ ಅಕ್ಕಯಮ್ಮ ಕೇಳಿದಾಗ ಜಯಾ ಟಿವಿಯಿಂದ ಮುಖ ತಿರುಗಿಸಿದಳು. ಇಟಲಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ವಯಂಸೇವಕರಿಗೆಲ್ಲ ಒಂದೇ ಬಣ್ಣದ ಜಾಕೆಟ್ಟು, ಅರ್ಧ ಮುಖ ಮುಚ್ಚುವ ಕನ್ನಡಕ. "ಗೊತ್ತಾಗಲ್ಲ ಆಂಟಿ. ಚಾನೆಲ್ ಬದಲಾಯಿಸ್ಲಾ?"

ಹಿಮ ತುಳಿಯುವ ಆಸೆ ಮೊದಲು ಹುಟ್ಟಿದ್ದು ಜಯಾಳಿಗೆ. ವಿಜಯಪುರದಿಂದ ಬಂದು ಬೆಂಗಳೂರಿನ ಬಿಟಿಎಮ್ಮಿನ ಈ ಮಹಡಿ ಕೋಣೆಯಲ್ಲಿದ್ದ ಗೆಳತಿಯರಿಬ್ಬರೂ ಈ ಸ್ವಯಂಸೇವೆಗೆ ಒಟ್ಟಿಗೇ ಅರ್ಜಿ ಹಾಕಿ ಆಯ್ಕೆಯಾಗಿದ್ದರು. ವೀಸಾ ಸಿಕ್ಕಿದ್ದು ಉಮಾಶ್ರೀಗೆ ಮಾತ್ರ. ಅವಳು ಕಳಿಸಿದ ಹಿಮದ ಫೋಟೋಗಳಿಗೆ ಜಯಾ ಒಂದು ಮಾತಿನ ಉತ್ತರವನ್ನೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಟಿವಿಯಲ್ಲಿ ಆಟಗಾರನೊಬ್ಬ ಉರುಳಿಬಿದ್ದ. ಅವನ ಕಾಲಿನಿಂದ ಕಳಚಿದ ಸ್ಕೀ ಹಲಗೆ ಜಾರುತ್ತ ಬೇಲಿಯ ಬಳಿ ಬಂದು ನಿಂತಿತು. ಅದನ್ನು ಎತ್ತಲು ಓಡಿಬಂದ ಮೂಟೆಯೊಂದರ ಬೂಟು ಹಲಗೆಗೆ ತಾಗಿತು. ಮರುಕ್ಷಣ ಆ ಮೂಟೆ ಬಗ್ಗಿ, ಗ್ಲೌಸು ತೊಟ್ಟ ಬೆರಳಿನಿಂದ ಹಲಗೆಯನ್ನು ಮುಟ್ಟಿ, ಕನ್ನಡಕದ ಮೇಲೆಯೇ ಕಣ್ಣಿಗೊತ್ತಿಕೊಂಡಿತು. ಕೋಣೆಯಲ್ಲಿ ಪೊರಕೆಗೆ ಕಾಲು ತಾಗಿದರೂ, ಜಯಾಳ ಚಪ್ಪಟೆಯಾದ ಹಳೆಯ ದಿಂಬಿಗೆ ತಾಗಿದರೂ ಹೀಗೆ ಮಾಡುತ್ತಿದ್ದವಳು ಒಬ್ಬಳೇ.

"ಅವಳೇ ಆಂಟಿ," ಎಂದಳು ಜಯಾ, ರಿಮೋಟು ಕೆಳಗಿಡುತ್ತ. "ಇನ್ನೊಂದ್ಸಲ ತೋರಿಸ್ತಾರಾ?"

ತೋರಿಸಿದರು, ಬಿದ್ದವನನ್ನು ಮಾತ್ರ. ಹಲಗೆ ಬೇಲಿಯನ್ನು ತಲುಪುವ ಮೊದಲೇ ಪ್ರತಿಸಲವೂ ಚಿತ್ರ ಮುಗಿದುಹೋಗುತ್ತಿತ್ತು. ಅದು ನಾಲ್ಕನೆಯ ಸಲ ಮುಗಿದಾಗ ಜಯಾ ಫೋನು ತೆಗೆದು ಬರೆದಳು: "ಉಮಾ, ಟಿವ್ಯಾಗ ನಿನ್ನ ನೋಡಿದೆ. ಯಾವಾಗ ಬರ್ತಿ?"